ವೇದಿಕೆ ಮೇಲಿನ ಸಾರ್ವಜನಿಕ

ಕಮಲಾಕರರಿಗೆ ಶಾಲು ಎಂದರೆ ಪ್ರಾಣ. ಹೊದೆಯುವುದಕ್ಕಲ್ಲ, ಚೆನ್ನೈಗೆ ಶಾಲು ಹೊದೆಯುವಂಥ ಚಳಿ ಯಾವ ಕಾಲದಲ್ಲಿ ಬಂದಿತ್ತು? ಹೊದಿಸಿಕೊಳ್ಳುವುದಕ್ಕೆ. ಈ ಊರಿನಲ್ಲಿ ಅದಕ್ಕೆ ಪೊನ್ನಾಡೈ ಎನ್ನುತ್ತಾರೆ. ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ, ಕುತ್ತಿಗೆಗೆ ತಾಗಿದರೆ ತುರಿಸುವ, ಜರಿ ಅಂಚಿನ ಬಟ್ಟೆ. ಸಭೆಯಲ್ಲಿ ಯಾರಾದರೂ ದೊಡ್ಡವರು ಅದನ್ನು ಹೆಗಲಿಗೇರಿಸಿ, ಫೋಟೋದವನು ‘ಇಂಗೆ ಪಾರುಂಗೋ ಸಾರ್’ ಎಂದು ತನ್ನ ಕಡೆ ತಿರುಗಿಸಿಕೊಂಡರೆ ಮುಗಿಯಿತು, ಕಮಲಾಕರರ ಕಾಲು ಆ ವಾರವಿಡೀ ನೆಲಕ್ಕೆ ತಾಗುತ್ತಿರಲಿಲ್ಲ. ಮನೆಯ ಬೀರುವಿನಲ್ಲಿ ಒಂದು ಖಾನೆ ತುಂಬ ಅವೇ. ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದಾರೆ. ಹೆಂಡತಿ ಕಲಾವತಿ ಅದರಲ್ಲೊಂದನ್ನು ಹೊಲಿಗೆ ಮೆಷಿನ್ನಿಗೆ ಮುಚ್ಚಿದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ.

ಇಷ್ಟು ಶಾಲು ಬರುವುದಕ್ಕೆ ಅವರೇನು ಊರು ಉದ್ಧಾರ ಮಾಡಿದವರಲ್ಲ. ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿದ್ದು ನಿವೃತ್ತರಾದವರು. ತಾತನ ಕಾಲದಲ್ಲಿ ಮೈಸೂರು ಕಡೆಯಿಂದ ಬಂದ ಸಂಸಾರ. ದುಡಿದಷ್ಟು ಕಾಲವೂ ಅವರ ಕೈಯಿಂದ ಹೊರಟದ್ದು ಒಂದೇ ಒಂದು ವಾಕ್ಯ: ‘ತಮ್ಮ ವಿಷಯವನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ.’ ಗಂಡ ಸತ್ತವಳಿಗೂ ಅದೇ, ಗೋದಾಮು ಸುಟ್ಟವನಿಗೂ ಅದೇ. ನಿವೃತ್ತಿಯ ಮೇಲೆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾದರು. ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ, ಇವರಿಗೆ ಬೇರೇನೂ ಇರಲಿಲ್ಲ. ಅಂದಿನಿಂದ ಚರಂಡಿ ಸಭೆಯಿರಲಿ, ಸೊಳ್ಳೆ ಸಭೆಯಿರಲಿ, ಅಧಿಕಾರಿಗಳಿಗೆ ‘ಸಾರ್ವಜನಿಕರು’ ಬೇಕಾದಾಗ ಇವರಿಗೆ ಫೋನು. ಇವರು ಇಸ್ತ್ರಿ ಅಂಗಿ ತೊಟ್ಟು ಹೋಗಿ ಇಂಗ್ಲಿಷಿನಲ್ಲಿ ಒಂದಿಷ್ಟು ಗುಡುಗುವರು. ಅವರು ಶಾಲು ಹೊದಿಸಿ ಕಳಿಸುವರು. ಚರಂಡಿ ಇದ್ದ ಹಾಗೇ ಇದೆ, ಸೊಳ್ಳೆಯೂ ಕ್ಷೇಮ.

ಅವರ ಮನೆ ವಡಪಳನಿ ದಾಟಿ ಇನ್ನೂ ಆಚೆ, ಕೂವಂ ನದಿಯ ಈ ದಡದಲ್ಲಿ. ಕೂವಂ ಹೆಸರಿಗೆ ನದಿ. ಮೂಗಿದ್ದವರಿಗೆ ಹೆಚ್ಚಿನ ವಿವರಣೆ ಬೇಡ. ಅದರ ಮೇಲೆ ಹೆದ್ದಾರಿಯ ಹಳೇ ಸೇತುವೆ. ಅಲ್ಲಿನವರ ಬಾಯಲ್ಲಿ ಪಾಲಂ, ಕಮಲಾಕರರ ಮನೆಯ ಕನ್ನಡದಲ್ಲೂ ಪಾಲಮ್ಮೇ. ಒಂದು ಪಕ್ಕಕ್ಕೆ ಕಲ್ಲುಚಪ್ಪಡಿಯ ಕಾಲುದಾರಿ, ಎರಡೂ ತುದಿಯಲ್ಲಿ ಕೆಳಗಿನ ಬೀದಿಗೆ ಇಳಿಯಲು ಮೆಟ್ಟಿಲು. ದಿನಾ ಮಧ್ಯಾಹ್ನ ಕಲಾವತಿ ಊಟದ ಕ್ಯಾರಿಯರ್ ಹಿಡಿದು, ಮೂಗಿಗೆ ಸೆರಗು ಒತ್ತಿಕೊಂಡು, ಆ ಕಾಲುದಾರಿಯಲ್ಲಿ ಆಚೆ ದಡಕ್ಕೆ ನಡೆದು ಹೋಗುತ್ತಿದ್ದರು.

ಆಚೆ ದಡದಲ್ಲಿ ಅವರ ಅಕ್ಕ ಪುಟ್ಟತಾಯಮ್ಮ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿದೆ. ಮಗ ರಘುರಾಮ, ಸೊಸೆ ಇಬ್ಬರೂ ಬ್ಯಾಂಕಿನವರು. ಒಳ್ಳೆಯವರೇ, ಸಂಜೆ ಬಂದು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಮಧ್ಯಾಹ್ನದ ಊಟ ಮಾತ್ರ ತಂಗಿ ಬಂದು, ಕಲಸಿ, ಕೈಗಿಟ್ಟರೇ ಆಯಿತು; ಇಲ್ಲದಿದ್ದರೆ ತಟ್ಟೆ ಹಾಗೇ ಒಣಗಿರುತ್ತಿತ್ತು. ಹಾಗಾದರೆ ಕಲಾವತಿ ಬಸ್ಸಿನಲ್ಲೋ ಆಟೋದಲ್ಲೋ ಹೋಗಬಾರದೇ ಎಂದರೆ, ಚಿಕ್ಕಂದಿನಿಂದ ಅವರಿಗೆ ಗಾಡಿ ಆಗದು. ಗಾಡಿ ಬೀದಿಯ ತಿರುವು ದಾಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ. ತಪ್ಪಿಸಲಾಗದ ಮದುವೆ ಮುಂಜಿಗಳಿಗೆ ನಿಂಬೆಹಣ್ಣು ಮೂಸಿಕೊಂಡು, ಕಣ್ಣು ಮುಚ್ಚಿ ಕೂತು ಹೋಗಿಬರುತ್ತಾರೆ. ಕಾಲ್ನಡಿಗೆಯಲ್ಲಾದರೆ ಎಷ್ಟು ದೂರ ಬೇಕಾದರೂ ಹೋಗಬಲ್ಲ ಹೆಂಗಸು.

ಹೀಗಿರುವಾಗ ಹಳೇ ಪಾಲಂ ಕೆಡವಿ ಹೊಸ ಅಗಲವಾದ ಸೇತುವೆ ಕಟ್ಟುತ್ತಾರೆ, ಪರಿಸರ ಮತ್ತು ಜನಜೀವನದ ಮೇಲಿನ ಪರಿಣಾಮ ಕುರಿತು ಸಾರ್ವಜನಿಕರ ಅಹವಾಲು ಕೇಳುತ್ತಾರೆ ಎಂದು ಪೇಪರಿನಲ್ಲಿ ಬಂತು. ಜೊತೆಗೊಂದು ಬಣ್ಣದ ಚಿತ್ರ. ಕಲಾವತಿ ಕನ್ನಡಕ ಏರಿಸಿ ಅದನ್ನೇ ನೋಡಿದರು.

“ರೀ, ಇದರಲ್ಲಿ ನಡೆಯೋರು ಎಲ್ಲಿ ನಡೀಬೇಕು?”

ಕಮಲಾಕರರೂ ನೋಡಿದರು. ಕಾರುಗಳಿದ್ದವು, ಕೆಂಪು ಬಸ್ಸಿತ್ತು, ಬದಿಗೆ ಮರಗಳಿದ್ದವು, ಆಕಾಶದಲ್ಲಿ ಒಂದು ಕೊಕ್ಕರೆ ಕೂಡ ಇತ್ತು. ಮನುಷ್ಯರೊಬ್ಬರೂ ಇರಲಿಲ್ಲ.

“ಮೀಟಿಂಗಲ್ಲಿ ಅದೊಂದು ಕೇಳಿ, ಸಾಕು. ಕಾಲುದಾರಿ, ಮೆಟ್ಟಿಲು. ಬೇರೆ ಏನೂ ಬೇಡ ನಂಗೆ,” ಎಂದರು ಕಲಾವತಿ.

“ಕೇಳ್ತೀನಿ ಕಣೇ. ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ. ನನ್ನನ್ನ ಏನಂದ್ಕೊಂಡಿದಾರೆ ಅವರು?”

ಕಮಲಾಕರರು ಎಂಥವರು ಎಂದು ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು ಎಂಬುದು ಸಭೆಗೆ ಮುಂಚಿನ ಭಾನುವಾರ ತಿಳಿಯಿತು. ಸೇತುವೆಯವರು ನೇಮಿಸಿದ ಸಲಹಾ ಸಂಸ್ಥೆಯ ಹುಡುಗ ಮನೆಗೇ ಬಂದ. ಜನರ ಆತಂಕಗಳಿಗೆ ಉತ್ತರ ಹುಡುಕಿಡುವುದೇ ಅವನ ಉದ್ಯೋಗ. ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದವನು, ಒಳಗೆ ಕಲಾವತಿ “ಯಾರ್ರೀ ಅದು?” ಎಂದದ್ದು ಕಿವಿಗೆ ಬಿದ್ದದ್ದೇ ತಡ, ಅಲ್ಲೇ ಕರಗಿಹೋದ.

“ಅಯ್ಯೋ ಸಾರ್, ಕನ್ನಡದೋರಾ? ನಾನು ಮಂಡ್ಯದ ಕಡೆಯೋನು ಸಾರ್, ಶ್ರೀನಾಥ್ ಅಂತ. ಈ ಊರಿಗೆ ಬಂದು ಆರು ತಿಂಗಳಾಯ್ತು, ಬಾಯ್ತುಂಬ ಕನ್ನಡ ಮಾತಾಡಿದ್ದೇ ಇಲ್ಲ ನೋಡಿ!”

ಮುಗಿಯಿತು. ಚೆನ್ನೈಯಲ್ಲಿ ಕನ್ನಡದವರಿಗೆ ಕನ್ನಡದವರು ಸಿಕ್ಕರೆ ಬುದ್ಧಿಗೆ ಆ ಹೊತ್ತು ರಜ. ಕಲಾವತಿಯೇ ಉಪ್ಪಿಟ್ಟು ಕೆದಕಿ, ಡಬ್ಬದಲ್ಲಿದ್ದ ಕೋಡುಬಳೆಯನ್ನೆಲ್ಲ ಸುರಿದರು. ಬಡಿಸುತ್ತ ಬಡಿಸುತ್ತಲೇ ಮೆಟ್ಟಿಲ ವಿಷಯ ಹೇಳಿದರು. “ನೋಟ್ ಮಾಡ್ಕೊಂಡೆ ಆಂಟಿ,” ಎಂದ ಶ್ರೀನಾಥ, ಕೋಡುಬಳೆ ಹಿಡಿದ ಕೈಯಲ್ಲೇ ಹಣೆ ಮುಟ್ಟಿ ತೋರಿಸಿ. ಆಮೇಲೆ ಕಮಲಾಕರರ ಕಡೆಗೆ ಬಗ್ಗಿದ.

“ಸಾರ್, ನಿಮ್ಮಂಥ ಹಿರಿಯರು ಕೆಳಗೆ ಜನರ ಮಧ್ಯೆ ಕೂತರೆ ನಮಗೇ ಒಂಥರಾ ಆಗುತ್ತೆ. ನೀವು ವೇದಿಕೆ ಮೇಲೇ ಇರ್ಬೇಕು. ಸಾರ್ವಜನಿಕರ ಪ್ರತಿನಿಧಿ ಅಂತ. ಚೀಫ್ ಎಂಜಿನಿಯರ್ ಪಕ್ಕದಲ್ಲೇ ಕುರ್ಚಿ. ಸನ್ಮಾನನೂ ಇಟ್ಕೊಂಡಿದೀವಿ.”

ಕಮಲಾಕರರು ಬೇಡ ಬೇಡ ಎಂದರು. ಎಷ್ಟು ಮೆತ್ತಗೆ ಎಂದರೆ ಪಕ್ಕದಲ್ಲಿದ್ದ ಹೆಂಡತಿಗೂ ಕೇಳಿಸಲಿಲ್ಲ.

ಸಭೆ ನಡೆದದ್ದು ಕಲ್ಯಾಣ ಮಂಟಪವೊಂದರಲ್ಲಿ. ಹಿಂದಿನ ದಿನದ ಮದುವೆಯ ಹೂವು ಇನ್ನೂ ಬಾಡಿರಲಿಲ್ಲ. ವೇದಿಕೆಯಲ್ಲಿ ವಧೂವರರ ಕೆಂಪು ಮಖಮಲ್ಲಿನ ಸಿಂಹಾಸನಗಳೂ ಹಾಗೇ ಇದ್ದವು. ಒಂದರಲ್ಲಿ ಚೀಫ್ ಎಂಜಿನಿಯರ್ ಚಂದ್ರಶೇಖರ, ಇನ್ನೊಂದರಲ್ಲಿ ನಮ್ಮ ಕಮಲಾಕರ. ಕೆಳಗೆ ಜನ, ನಾಲ್ಕನೇ ಸಾಲಿನಲ್ಲಿ ಕಲಾವತಿ. ಮೊದಲು ಶಾಲು ಬಿತ್ತು. ಹಸಿರು ಬಣ್ಣ, ಪರಿಸರದ ಸಭೆಯಲ್ಲವೇ. ಫೋಟೋದವನು ಕರೆದ, ಕಮಲಾಕರರು ನೋಡಿದರು, ಹಲ್ಲೆಲ್ಲ ಕಾಣಿಸಿತು.

ಆಮೇಲೆ ಶ್ರೀನಾಥನ ಚಿತ್ರಪ್ರದರ್ಶನ. ಜನರ ಒಂದೊಂದು ಆತಂಕವನ್ನೂ ಹೇಗೆ ನಿವಾರಿಸಿದ್ದಾರೆ ಎಂದು ತೋರಿಸಿದ. ಕಡಿಯುವ ಮರಗಳ ಬದಲಿಗೆ ಹತ್ತು ಪಟ್ಟು ಸಸಿ ನೆಡುತ್ತಾರಂತೆ. ಎಲ್ಲಿ ಎಂದರೆ ಪಕ್ಕದ ಜಿಲ್ಲೆಯಲ್ಲಿ. ನೆರಳು ಬೇಕಾದವರು ಅಲ್ಲಿಗೆ ಹೋಗಿ ನಿಂತುಕೊಳ್ಳಬಹುದು. ಹಕ್ಕಿಗಳಿಗೆ ಗದ್ದಲವಾಗದಂತೆ ಬದಿಗೆ ತಡೆಗೋಡೆ. ನದಿಯ ಮೀನುಗಳಿಗೆ ತೊಂದರೆಯಾಗದಂತೆ ಕಂಬಗಳ ವಿಶೇಷ ವಿನ್ಯಾಸ. ಅಯ್ಯಾ ಪುಣ್ಯಾತ್ಮ, ಕೂವಂನಲ್ಲಿ ಒಂದು ಮೀನು ಬದುಕಿದ್ದರೆ ಪೊನ್ನಾಡೈ ಅದಕ್ಕೆ ಹೊದಿಸಬೇಕಿತ್ತು! ಜನ ಧೂಳಿನ ಬಗ್ಗೆ ಕೇಳಿದರು, ಸದ್ದಿನ ಬಗ್ಗೆ ಕೇಳಿದರು, ಒಬ್ಬಾತ ತನ್ನ ಪಾರ್ಕಿಂಗ್ ಬಗ್ಗೆ ಕೇಳಿ ಜಗಳಕ್ಕೇ ನಿಂತ. ಎಲ್ಲದಕ್ಕೂ ಶ್ರೀನಾಥನ ಹತ್ತಿರ ಬಣ್ಣದ ಚಿತ್ರವಿತ್ತು.

ಕಮಲಾಕರರು ಕಾಯುತ್ತಿದ್ದರು. ಯಾರಾದರೂ ‘ನೀವೇನು ಹೇಳ್ತೀರಿ ಸಾರ್’ ಎನ್ನಲಿ, ಕೇಳಿಬಿಡೋಣ ಎಂದು. ಯಾರೂ ಎನ್ನಲಿಲ್ಲ. ಎನ್ನುವುದಾದರೂ ಹೇಗೆ? ವೇದಿಕೆಯ ಮೇಲಿರುವವರು ಉತ್ತರ ಕೊಡುವವರು, ಪ್ರಶ್ನೆ ಕೇಳುವವರೆಲ್ಲ ಕೆಳಗಿದ್ದಾರೆ. ಈ ಸಣ್ಣ ಸಂಗತಿ ಅವರಿಗೆ ಹೊಳೆಯುವ ಹೊತ್ತಿಗೆ ಬಿಸ್ಕೆಟ್ಟಿನ ತಟ್ಟೆ ಎದುರಿಗೆ ಬಂದಿತ್ತು. ಒಂದು ತೆಗೆದುಕೊಂಡರು.

ಗಂಡ ಬಾಯಿ ಬಿಡುವ ಲಕ್ಷಣ ಕಾಣದೆ ಕಲಾವತಿಯೇ ಎದ್ದು ನಿಂತರು. ಹತ್ತು ಜನರೆದುರು ಮಾತಾಡಿ ಅಭ್ಯಾಸವಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. ಅಚ್ಚ ತಮಿಳಿನಲ್ಲೇ ಕೇಳಿದರು. “ಎಲ್ಲಾ ಸರಿ ಅಯ್ಯಾ. ಹಕ್ಕಿಗೆ ದಾರಿ ಮಾಡಿದೀರಿ, ಮೀನಿಗೆ ಮಾಡಿದೀರಿ. ನಡೆದು ಹೋಗೋರಿಗೆ? ಆಚೆ ಕಡೆ ನಮ್ಮಕ್ಕ ಇದಾಳೆ, ಕಣ್ಣು ಕಾಣಲ್ಲ. ದಿನಾ ಊಟ ಒಯ್ಯಬೇಕು. ನಾನು ಎಲ್ಲಿ ನಡೀಲಿ?”

ಶ್ರೀನಾಥ ಪರದೆಯ ಕಡೆ ನೋಡಿದ, ಈ ಪ್ರಶ್ನೆಗೆ ಚಿತ್ರವಿರಲಿಲ್ಲ. ಅವನ ಸಂಸ್ಥೆ ಪಾಲಂ ಮೇಲೆ ಕ್ಯಾಮೆರಾ ಇಟ್ಟು ಎಣಿಸಿದ್ದು ಗಾಡಿಗಳನ್ನು. ಕಾಲುಗಳನ್ನು ಯಾರೂ ಎಣಿಸಿರಲಿಲ್ಲ. ಚಂದ್ರಶೇಖರರು ಹಳೇ ಹುಲಿ, ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. “ಇದು ಮಹಾಜನರ ಪ್ರಶ್ನೆ. ಮಹಾಜನರ ಪ್ರತಿನಿಧಿಯೇ ಉತ್ತರಿಸುವುದು ಚೆಂದ,” ಎಂದು ನಗುತ್ತ ಮೈಕನ್ನು ಕಮಲಾಕರರ ಕೈಗೆ ದಾಟಿಸಿದರು.

ಆಗ ಏನಾಯಿತೋ. ಒಂದೇ ಮಾತು ಸಾಕಿತ್ತು: ‘ಆಕೆ ಕೇಳಿದ್ದೇ ನನ್ನ ಪ್ರಶ್ನೆ, ಕಾಲುದಾರಿ ಎಲ್ಲಿ?’ ಅಷ್ಟು ಹೇಳಿ ಇಳಿದು ಬಂದಿದ್ದರೆ ಆಗುತ್ತಿತ್ತು. ಆದರೆ ಹೆಗಲ ಮೇಲೆ ಶಾಲು, ಕೆಳಗೆ ಮಖಮಲ್ಲು, ಬಾಯಲ್ಲಿ ಅರ್ಧ ಬಿಸ್ಕೆಟ್ಟು, ಎದುರಿಗೆ ಫೋಟೋದವನು. ಕಮಲಾಕರರು ಗಂಟಲು ಸರಿಮಾಡಿಕೊಂಡರು. ಒಂದು ಜನ್ಮದ ಅಭ್ಯಾಸ ತಾನಾಗಿ ನಾಲಿಗೆಗೆ ಬಂದು ಕೂತಿತು.

“ತಮ್ಮ ವಿಷಯವನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ, ಮೇಡಂ.”

ಮೇಡಂ! ಮದುವೆಯಾದ ಮೇಲೆ ಮೊದಲ ಬಾರಿ ಹೆಂಡತಿಯನ್ನು ಅವರು ಹಾಗೆ ಕರೆದದ್ದು. “ಆಗಲಿ ಸಾರ್,” ಎಂದು ಕಲಾವತಿ ಮೈಕು ಕೊಟ್ಟು ಕೂತರು. ಚಂದ್ರಶೇಖರರು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಉಳಿದವರೂ ತಟ್ಟಿದರು. ಮನೆಗೆ ಇಬ್ಬರೂ ನಡೆದೇ ಬಂದರು, ಹೆಂಡತಿ ಮುಂದೆ, ಶಾಲು ಹಿಂದೆ. ಕಮಲಾಕರರು ಎರಡು ಸಲ “ಕಲಾ” ಎಂದರು. ಆಕೆ ನಡಿಗೆಯನ್ನು ಇನ್ನಷ್ಟು ಚುರುಕು ಮಾಡಿದರು.

ಸಭೆಯ ವರದಿ ಅಚ್ಚಾಗಿ ಬಂತು. ಅದರ ಮುಖಪುಟದಲ್ಲಿ ಕಮಲಾಕರರ ಫೋಟೋ, ಹಲ್ಲೆಲ್ಲ ಕಾಣುವಂತೆ. ಕೆಳಗೆ: ‘ಸಾರ್ವಜನಿಕರ ಎಲ್ಲ ಆತಂಕಗಳನ್ನೂ ಸಾರ್ವಜನಿಕರಿಗೆ ತೃಪ್ತಿಯಾಗುವಂತೆ ನಿವಾರಿಸಲಾಗಿದೆ.’ ಕಮಲಾಕರರು ನಾಚಿಕೆಪಟ್ಟು ಸುಮ್ಮನೆ ಕೂರಲಿಲ್ಲ, ಕಾಲುದಾರಿಯ ವಿಷಯ ಕೇಳಲು ಹೊರಟರು. ಶ್ರೀನಾಥನಿಗೆ ಫೋನು ಮಾಡಿದರು. ಅವನು ಈಗ ಬೇರೆ ಊರಿನ ಬೇರೆ ಸೇತುವೆಯಲ್ಲಿದ್ದ. ‘ಆಂಟಿಗೆ ನಮಸ್ಕಾರ ಹೇಳಿ, ಕೋಡುಬಳೆ ಮರೆಯೋಕಾಗಲ್ಲ’ ಎಂದ. ಚೀಫ್ ಎಂಜಿನಿಯರರ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ವರದಿ ತಿರುವಿ, ಫೋಟೋವನ್ನೂ ಇವರ ಮುಖವನ್ನೂ ಹೋಲಿಸಿ ನೋಡಿದ. “ನೀವೇ ತೃಪ್ತಿ ಅಂದಿದೀರಲ್ಲ ಸಾರ್?” ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಮಳೆಗಾಲ ಕಳೆದ ಮೇಲೆ ಹಳೇ ಪಾಲಮ್ಮಿಗೆ ಯಂತ್ರಗಳು ಬಂದವು. ಮೊದಲು ಕಿತ್ತದ್ದೇ ಕಾಲುದಾರಿ. ಕಲಾವತಿ ಒಂದು ವಾರ ಹಟ ಹಿಡಿದು, ನಿಂಬೆಹಣ್ಣು ಮೂಸುತ್ತ, ನಡೆದರೆ ಊಟದ ಹೊತ್ತು ಮೀರುವಷ್ಟು ದೂರದ ಇನ್ನೊಂದು ಸೇತುವೆ ಸುತ್ತಿ ಬಸ್ಸು ಬದಲಿಸಿ ಹೋದರು. ಅಕ್ಕನ ಮನೆ ಮುಟ್ಟಿದಾಗ ಅನ್ನ ಕಲಸುವುದಿರಲಿ, ತಲೆ ಎತ್ತುವ ಶಕ್ತಿಯೂ ಇರುತ್ತಿರಲಿಲ್ಲ. ಕುರುಡಿ ಅಕ್ಕನೇ ತಡವಿಕೊಂಡು ಎದ್ದು ತಂಗಿಗೆ ನೀರು ಕೊಡಬೇಕಾಯಿತು. ಎಂಟನೆಯ ದಿನ ಕಲಾವತಿ ಬೀರು ತೆಗೆದರು. ಹಸಿರು ಪೊನ್ನಾಡೈ ಎಳೆದು, ಕ್ಯಾರಿಯರ್‌ಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿ, ಗಂಡನ ಮುಂದೆ ಇಟ್ಟರು.

“ಗಮನಕ್ಕೆ ತಗೊಂಡೋರು ನೀವು ತಾನೇ ಸಾರ್? ತಗೊಂಡು ಹೋಗಿ. ಇದು ಸುತ್ತಿದರೆ ಹುಳಿ ಆರಲ್ಲ.”

ಕಮಲಾಕರರು ಅದನ್ನೆತ್ತಿಕೊಂಡು ಹೊರಟರು. ಬಸ್ಸಿನಲ್ಲಿ ಜರಿ ಅಂಚಿನ ಗಂಟನ್ನು ಎಲ್ಲರೂ ನೋಡುವವರೇ. ಪೊನ್ನಾಡೈ ಕಂಡು, ಯಾರೋ ಮುಖಂಡರಿರಬೇಕೆಂದು, ‘ತಲೈವರೇ, ಉಕ್ಕಾರುಂಗೋ’ ಎಂದು ಒಬ್ಬ ಸೀಟು ಬಿಟ್ಟುಕೊಟ್ಟ. ಅವರು ಕೂರಲಿಲ್ಲ.

ಪುಟ್ಟತಾಯಮ್ಮ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದರು. ಚಪ್ಪಲಿಯ ಸದ್ದು ತಂಗಿಯದಲ್ಲ ಎಂದು ಗೊತ್ತಾಗಿ ಮುಖ ಸಣ್ಣದಾಯಿತು. “ಬನ್ನಿ ಕಮಲಾಕರ. ಕಲಾಗೆ ಮೈ ಸರಿ ಇಲ್ವಾ?”

“ಗಾಡಿ ಆಗಲ್ವಲ್ಲ ಅಕ್ಕ. ಇನ್ನು ನಾನೇ ಬರ್ತೀನಿ.”

ಗಂಟು ಬಿಚ್ಚಲು ಹೋದರೆ ಮುದುಕಿಯ ಕೈ ಅದರ ಮೇಲೆ ಬಂತು. ಜರಿಯನ್ನು ಬೆರಳಿನಿಂದ ಸವರಿ ನೋಡಿತು. “ಏನಿದು, ಸೀರೆನಾ?”

“ಪೊನ್ನಾಡೈ ಅಕ್ಕ. ಪಾಲಂ ಮೀಟಿಂಗಲ್ಲಿ ನಂಗೆ ಹೊದಿಸಿದ್ದು.”

“ಹೌದಾ! ಯಾತಕ್ಕೆ ಹೊದಿಸಿದ್ರು?”

ಕಮಲಾಕರರು ಗಂಟು ಬಿಚ್ಚಿ ಕ್ಯಾರಿಯರ್ ಮುಚ್ಚಳ ತೆಗೆದರು. ಹುಳಿಯಿಂದ ಇನ್ನೂ ಸ್ವಲ್ಪ ಹಬೆ ಏಳುತ್ತಿತ್ತು.

“ಸುಮ್ಮನೆ ಕೂತಿದ್ದಕ್ಕೆ, ಅಕ್ಕ,” ಎಂದರು.

“ಅಷ್ಟಕ್ಕೂ ಕೊಡ್ತಾರಾ?” ಪುಟ್ಟತಾಯಮ್ಮ ಶಾಲನ್ನು ತೊಡೆಗೆಳೆದುಕೊಂಡು ಮಡಿಸತೊಡಗಿದರು. “ಹಾಗಾದ್ರೆ ನಂಗೂ ಒಂದು ಕೊಡಿಸಿ. ಇನ್ನು ಮಧ್ಯಾಹ್ನವೆಲ್ಲ ನಾನೂ ಸುಮ್ಮನೆ ತಾನೇ ಕೂತಿರೋದು.”