ಬೆಳಕಿಂಡಿಯ ಮುಚ್ಚಳ

ಬಾಡಿಗೆ ಮನೆಯ ಹಿತ್ತಲಲ್ಲಿ ಬಹುಕಾಲ ಒಂದು ಚಪ್ಪಡಿಗಲ್ಲು ಬಿದ್ದಿತ್ತು. ಊಟದ ಗಂಗಾಳಕ್ಕಿಂತ ತುಸು ದೊಡ್ಡದು, ಒಂದು ಅಂಚು ಮುಕ್ಕು, ಹೊಗೆಯುಂಡು ಕಪ್ಪಾದ ತಳ. ನನ್ನ ಹೆಂಡತಿ ಗಿರಿಜೆ ಅದರ ಮೇಲೆ ಸಾಬೂನು ಇಡುತ್ತಿದ್ದಳು. ಇಟ್ಟಿಗಿ ಊರಿನ ನಮ್ಮ ಹಳೆಯ ಮನೆಯನ್ನು ಬಿಚ್ಚಿದಾಗ ತೊಲೆ, ಕಂಬ, ಬಾಗಿಲುಗಳೆಲ್ಲ ಅಣ್ಣನ ಪಾಲಿಗೆ ಹೋದವು. ನಾನು ಕೇಳಿ ಪಡೆದದ್ದು ಇದೊಂದನ್ನೇ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಕಂಡಕ್ಟರು, “ಏನ್ರಿ ಇದು, ದೇವ್ರಾ?” ಎಂದು ಕೇಳಿದ. ಬೆಳಕಿಂಡಿಯ ಮುಚ್ಚಳವೆಂದು ವಿವರಿಸಿದರೆ ಕೇಳುವ ಪುರುಸೊತ್ತು ಅವನಿಗಿರಲಿಲ್ಲವಾದ್ದರಿಂದ ಹೌದೆಂದುಬಿಟ್ಟೆ. ಪಾಪ, ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋದ.

ಮಾಳಿಗೆ ಮನೆಯನ್ನು ಕಾಣದ ಗೆಳೆಯರಿಗಾಗಿ ಹೇಳುತ್ತೇನೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಸಪಾಟಾಗಿ ಬಡಿದ ಮಣ್ಣು, ಇಷ್ಟೇ ಅದರ ಛಾವಣಿ. ಮುಂಗಾರಿಗೆ ಮೊದಲು ಚೌಳು ಮಣ್ಣು ಹರವಿ ಹದ ಮಾಡಿದರೆ ನೀರು ಒಳಗಿಳಿಯದು. ಕಿಟಕಿಯಿಲ್ಲದ ಅಡುಗೆಮನೆಗೆ ಬೆಳಕು ಬರುವುದೂ ಹೊಗೆ ಹೋಗುವುದೂ ಮಾಳಿಗೆಯಲ್ಲಿ ಬಿಟ್ಟ ಒಂದೇ ತೂತಿನಿಂದ, ಅದೇ ಬೆಳಕಿಂಡಿ. ನಮ್ಮ ಓಣಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿದ್ದವಾದ್ದರಿಂದ ಕೆಳಗೆ ಹಲವು ಸಂಸಾರಗಳಾಗಿದ್ದದ್ದು ಮೇಲೆ ಒಂದೇ ಅಂಗಳವಾಗಿತ್ತು. ಮೊದಲ ಹನಿ ಬಿದ್ದಾಗ ಮೇಲೆ ಯಾರಿದ್ದಾರೋ ಅವರೇ ಸಾಲಾಗಿ ಎಲ್ಲರ ಬೆಳಕಿಂಡಿಗಳನ್ನೂ ಮುಚ್ಚುತ್ತ ಹೋಗಬೇಕು. ಜಗಳವಾಡಿ ಮಾತು ಬಿಟ್ಟವರ ಮನೆಯದನ್ನೂ ಮುಚ್ಚಬೇಕು. ಗೊಣಗುತ್ತ ಮುಚ್ಚಿದರೂ ನಡೆಯುತ್ತಿತ್ತು.

ನಮ್ಮದನ್ನು ಹೆಚ್ಚಾಗಿ ಮುಚ್ಚುತ್ತಿದ್ದವಳು ಪಕ್ಕದ ಮನೆಯ ಜನ್ನತಬೀ ಚಿಗವ್ವ, ಪಂಪ್‌ಸೆಟ್ ರಿಪೇರಿ ಮಾಡುವ ಖಾಸಿಂ ಕಾಕಾನ ಹೆಂಡತಿ. ಒಣಹಾಕಿದ ಮೆಣಸಿನಕಾಯಿ ಕಾಯುತ್ತ ಅವಳು ಮೇಲೆಯೇ ಇರುತ್ತಿದ್ದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಮ್ಮ ಅವ್ವನ ಕೈಮೇಲಿನ ಬೆಳಕು ತಟ್ಟನೆ ಆರಿಹೋಗುತ್ತಿತ್ತು. ಅವ್ವ ತಲೆಯೆತ್ತದೆಯೇ ಕೂಗುತ್ತಿದ್ದಳು:

“ಯಾರವ್ವಾ ಮ್ಯಾಲೆ?”

“ನಾನ ಬೇ ಯಕ್ಕಾ. ಹೊಗಿ ಹೋಗಾಕ ಸಂದಿ ಬಿಟ್ಟೀನಿ, ನೀ ರೊಟ್ಟಿ ಬಡಿ.”

ಲೋಕಕ್ಕೆಲ್ಲ ಕತ್ತಲೆಂದರೆ ಅಂಜಿಕೆ. ನನಗೆ ಮಾತ್ರ ಹಾಡುಹಗಲಿನ ಆ ಕತ್ತಲೆಂದರೆ ಯಾರೋ ನಮ್ಮನ್ನು ನೆನೆಸಿಕೊಂಡರು ಎಂದೇ ಅರ್ಥ. ಚಿಗವ್ವ ಈಗಿಲ್ಲ, ಅವ್ವನೂ ಇಲ್ಲ. ನೆತ್ತಿಯ ಮೇಲೆ ಆ ಹೆಜ್ಜೆಯ ಸಪ್ಪಳ ಕೇಳಬೇಕೆಂದು ಮೋಡ ಕವಿದಾಗಲೆಲ್ಲ ಜೀವ ಹಂಬಲಿಸುತ್ತದೆ.

ಹೀಗಿರುವಾಗ ಹಗರಿಬೊಮ್ಮನಹಳ್ಳಿಯ ಹೊಸ ಬಡಾವಣೆಯಲ್ಲಿ ನಮ್ಮ ಮನೆಯ ಗೋಡೆಗಳು ಎದ್ದು, ತಲೆಗೇನು ಹೊದಿಸುವುದೆಂಬ ಪ್ರಶ್ನೆ ಬಂತು. ನಾನು ಸಪಾಟು ಮಾಳಿಗೆಯೆಂದೆ. ಗಿರಿಜೆ ಇಳಿಜಾರು ಹಂಚೆಂದಳು. ಹರಪನಹಳ್ಳಿಯ ಅವಳ ತವರುಮನೆ ಹಂಚಿನದು. ಒಡೆದ ಹಂಚಿನ ಸಂದಿಯಿಂದ ಹಾಸಿಗೆಯ ಮೇಲೆ ಬೀಳುತ್ತಿದ್ದ ಬಿಸಿಲಿನ ಕಾಸನ್ನು ಮುಷ್ಟಿಯಲ್ಲಿ ಹಿಡಿಯಲು ಹೋಗಿ ಸೋತ ಕಥೆಯನ್ನು ಅವಳು ಎಷ್ಟು ಸಲ ಹೇಳಿದರೂ ಹೊಸದಾಗಿ ನಗುತ್ತಾಳೆ. “ನಿಮ್ಮ ಸ್ಲ್ಯಾಬು ಬ್ಯಾಸಿಗ್ಯಾಗ ಕಾದು ಕೆಂಡ ಆಗ್ತತಿ. ಒಳಗಿರೋರು ನಾವೋ, ರೊಟ್ಟಿಗಳೋ?” ಎಂದು ಕೇಳಿದಳು. ನಾನು ಬೆಳಕಿಂಡಿಯ ಕಥೆ ತೆಗೆದೆ. ಮನೆಯ ನಕ್ಷೆ ಬರೆದಿದ್ದ ಎಂಜಿನಿಯರ್ ಹುಡುಗಿ ಉತ್ಸಾಹದಿಂದ, “ಬೆಳಕಿಂಡಿ ಆಸೆ ಬಿಡಲೇಬ್ಯಾಡ್ರಿ ಸರ್, ಗಾಜು ಕೂಡಿಸಿಬಿಡ್ತೀನಿ. ಮಳಿ ಬಂದ್ರೂ ಯಾರೂ ಮ್ಯಾಲೆ ಹತ್ತೋದ ಬ್ಯಾಡ” ಎಂದಳು. ಯಾರಾದರೂ ಹತ್ತಲಿ ಎಂದೇ ಅಲ್ಲವೇ ನಾನು ಇಷ್ಟೆಲ್ಲ ಹಟ ಹಿಡಿದದ್ದು!

ಗಿರಿಜೆಗೆ ಅದು ಅರ್ಥವಾಯಿತು. ಅರ್ಥವಾದದ್ದರಿಂದಲೇ ಮೆಲ್ಲಗೆ ಕೇಳಿದಳು: “ಸುತ್ತ ಖಾಲಿ ಸೈಟು. ನಿಮ್ಮ ತಲಿ ಮ್ಯಾಲೆ ನಡೆಯಾಕ ಅಲ್ಲಿ ಯಾರದಾರ್ರಿ?”

ಆ ಮಾತು ನೇರ ಎದೆಗೆ ನಾಟಿತು. ಇಳಿಜಾರು ಛಾವಣಿ ಒಳಗಿನವರನ್ನು ಕಾಯುತ್ತದೆ, ಬಂದ ನೀರನ್ನು ನಯವಾಗಿ ಸಾಗಹಾಕುತ್ತದೆ. ಸಪಾಟು ಛಾವಣಿಯಾದರೋ ಹೊರಗಿನವರ ಕಾಲಿಗೂ ಒಂದಿಷ್ಟು ನೆಲ ಕೊಡುತ್ತದೆ ಎಂದೆಲ್ಲ ನಾನು ಕಟ್ಟಿಕೊಂಡಿದ್ದ ತತ್ತ್ವ ಅಲ್ಲಿಗೇ ಕುಸಿಯಿತು. ನೆರೆಯಿಲ್ಲದ ಮಾಳಿಗೆಯ ಮೇಲೆ ನೀರಿನ ಟ್ಯಾಂಕಲ್ಲದೆ ಇನ್ನೇನು ನಿಂತೀತು? ನಾನು ಕಟ್ಟಿಸಹೊರಟಿದ್ದದ್ದು ಛಾವಣಿಯನ್ನಲ್ಲ, ಇಟ್ಟಿಗಿಯ ಓಣಿಯನ್ನು. ಅದನ್ನು ಯಾವ ಗೌಂಡಿ ಕಟ್ಟಿಯಾನು? ಹಂಚೇ ಇರಲಿ ಎಂದುಬಿಟ್ಟೆ. ನನ್ನ ಮೋರೆ ನೋಡಿದ ಗಿರಿಜೆಯೇ ಪಡಸಾಲೆಗೆ, ಮಲಗುವ ಕೋಣೆಗೆ ಹಂಚು, ಅಡುಗೆಮನೆಯಷ್ಟಕ್ಕೆ ಮಾಳಿಗೆ ಎಂದು ತೀರ್ಮಾನ ಕೊಟ್ಟಳು. ಬೆಳಕಿಂಡಿಗೆ ಗಾಜು ಬೇಡ, ಕೆಳಗೆ ಸರಳು ಹಾಕಿ, ಹಿತ್ತಲ ಚಪ್ಪಡಿ ಮೇಲೆ ಕೂರುವಂತೆ ಸುತ್ತ ಗೇಣೆತ್ತರ ಕಟ್ಟೆ ಕಟ್ಟಿ ಎಂದು ಎಂಜಿನಿಯರಿಗೆ ಹೇಳಿದವಳೂ ಅವಳೇ. ಅರ್ಧ ಇಳಿಜಾರು ಅರ್ಧ ಸಪಾಟಾದ ಮನೆಯನ್ನು ನೋಡಿ ದಾರಿಹೋಕರು ನಗುತ್ತಾರೆ, ನಗಲಿ.

ಗೃಹಪ್ರವೇಶವಾದ ಮೇಲೆ ಬಂದ ಮೊದಲ ಮಳೆಯ ಮಧ್ಯಾಹ್ನ ನಾನು ಚಹಾಕ್ಕೆ ನೀರಿಟ್ಟಿದ್ದೆ. ಗುಡುಗಿದ್ದೂ ಕೇಳಿಸಿತು, ಹಂಚಿನ ಮೇಲೆ ಹನಿ ಬಿದ್ದದ್ದೂ ಕೇಳಿಸಿತು. ಮುಚ್ಚಲು ಏಳಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಹಾಗೆ ಕೂತಿರುವುದೇ ಬಾಲ್ಯದಿಂದ ಬಂದ ರೂಢಿ. ನೆತ್ತಿಯ ಮೇಲೆ ಹೆಜ್ಜೆ ಸರಿದವು. ಕಲ್ಲು ಗರ್ರೆಂದು ಜರುಗಿತು. ನನ್ನ ಕೈಮೇಲಿನ ಬೆಳಕು ಆರಿತು.

“ಯಾರವ್ವಾ ಮ್ಯಾಲೆ?” ನನ್ನ ಬಾಯಿಂದ ಬಂದದ್ದು ಅವ್ವನ ದನಿ.

ಮಳೆಯ ಸದ್ದಿನ ನಡುವೆ ಕಲ್ಲಿನ ಮುಕ್ಕಾದ ಅಂಚಿನಿಂದ ಗಿರಿಜೆಯ ಮಾತು ಇಳಿದು ಬಂತು: “ನಾನ ರೀ. ಸಂದಿ ಬಿಟ್ಟೀನಿ.”