ಏಳು ಹಾಳೆಯ ವಾರ

ಕಳೆದ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮೂರಿನ ಗುಡ್ಡದ ಬದಿಯ ಹೊಲಗಳಲ್ಲಿ ಕರೆಂಟ್ ಇತ್ತು. ಮೋಟಾರುಗಳೂ ತಿರುಗುತ್ತಿದ್ದವು. ನೀರು ಮಾತ್ರ ಬರುತ್ತಿರಲಿಲ್ಲ. ತಪ್ಪು ಮಳೆಯದಲ್ಲ, ವಿದ್ಯುತ್ ಕಚೇರಿಯದೂ ಅಲ್ಲ. ನಿಮ್ಮ ಈ ಅಂಕಣಕಾರನದು.

ವಿಷಯ ಇಷ್ಟೆ. ಬೇಸಿಗೆಯಲ್ಲಿ ಹಾನಗಲ್ ಕಡೆಯಿಂದ ನಮ್ಮ ಪಂಪ್‌ಸೆಟ್‌ಗಳಿಗೆ ದಿನಕ್ಕೆರಡು ಪಾಳಿ ವಿದ್ಯುತ್ ಬರುತ್ತದೆ, ಮುಂಜಾನೆಯದೊಂದು, ಸಂಜೆಯದೊಂದು. ಊರಿಗೆ ಎರಡು ಲೈನು: ಕೆರೆಯ ಕಡೆಯದು, ಗುಡ್ಡದ ಕಡೆಯದು. ಒಮ್ಮೆಗೆ ಒಂದಕ್ಕೇ ಕರೆಂಟ್. ಯಾವ ಪಾಳಿ ಯಾರಿಗೆ ಎಂಬ ವಾರದ ಪಟ್ಟಿಯನ್ನು ನಾವೇ ಬರೆದು ಲೈನ್‌ಮನ್ ದಾವಲಸಾಬರ ಕೈಗೆ ಕೊಡಬೇಕು. ಮಳೆ ಹಿಡಿಯುವವರೆಗೂ ಆ ಪಟ್ಟಿಯೇ ಮರಳಿ ಮರಳಿ ನಡೆಯುತ್ತದೆ.

ಹಿಂದೆ ಇದು ಹೇಗೆ ಸಿದ್ಧವಾಗುತ್ತಿತ್ತು? ಹಿರಿಯರು ಸೋಮವಾರದಿಂದ ಹಿಡಿದು ಒಂದೊಂದೇ ದಿನವನ್ನು ಚರ್ಚಿಸುತ್ತ, ಸಂತೆ, ಮದುವೆ, ಹಿಟ್ಟಿನ ಗಿರಣಿ ಎಂದು ವಾದಿಸುತ್ತ, ಗುರುವಾರ ತಲುಪುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಕಾಲೇಜಿನ ಡಿಬೇಟ್‌ನಲ್ಲಿ ಶ್ರಮವಿಭಜನೆಯೇ ಪ್ರಗತಿಯ ಮೂಲವೆಂದು ಸಾಧಿಸಿ ಕಪ್ ಗೆದ್ದವನು ನಾನು (ಅದರಲ್ಲೀಗ ಅವ್ವ ಸೂಜಿ-ದಾರ ಇಡುತ್ತಾಳೆ). ಸುಮ್ಮನಿರಲಾದೀತೆ? ಏಳು ದಿನಕ್ಕೆ ಏಳು ಜನರನ್ನು ಕೂರಿಸಿ ಏಳು ಹಾಳೆ ಹಂಚಿದೆ. ಒಬ್ಬೊಬ್ಬರು ಒಂದೊಂದು ದಿನವನ್ನು ಏಕಕಾಲಕ್ಕೆ, ನ್ಯಾಯವಾಗಿ ಬರೆಯಬೇಕು. ಇಪ್ಪತ್ತು ನಿಮಿಷದಲ್ಲಿ ಇಡೀ ವಾರ ಸಿದ್ಧವಾಯಿತು.

ಪಟ್ಟಿಯ ಎರಡನೆಯ ದಿನವೇ, ಆ ಮಂಗಳವಾರ ಬೆಳಿಗ್ಗೆ, ಗಂಗವ್ವ ನಮ್ಮ ಕಟ್ಟೆಗೆ ಬಂದರು. ಗುಡ್ಡದ ಬದಿಯಲ್ಲಿ ಅವರದೊಂದು ಸಣ್ಣ ಹೊಲ, ಒಂದು ಬಾವಿ. ಮಡಿಯಲ್ಲಿ ಆಗಷ್ಟೇ ಎರಡೆಲೆ ಒಡೆದ ಮೆಣಸಿನ ಸಸಿ. ಅದು ಹೋದರೆ ಅವರಿಗೆ ಈ ವರ್ಷ ಬೆಳೆಯೇ ಇಲ್ಲ.

“ತಮ್ಮಾ, ಸೋಮವಾರದ ಹಾಳಿ ಬರದಾವ ಯಾರು? ಮಂಗಳವಾರದ್ದು ಬರದಾವ ಯಾರು? ಇಬ್ಬರಿಗೂ ಮಾತು ಬಿಟ್ಟೈತೇನು?”

“ಯಾಕ್ರಿ? ಇಬ್ಬರೂ ನಿಮ್ಮ ಲೈನಿಗೆ ಒಂದೊಂದು ಪಾಳಿ ಕೊಟ್ಟಾರಲ್ರಿ.”

“ಕೊಟ್ಟಾರ. ನಿನ್ನೆ ಸಂಜೀಕ ಒಂದು, ಇವತ್ತು ಹೊತ್ತು ಹುಟ್ಟೂದ್ರಾಗ ಇನ್ನೊಂದು. ನನ್ನ ಬಾವಿ ತುಂಬಾಕ ಒಂದು ಹಗಲು, ಒಂದು ರಾತ್ರಿ ಬೇಕು. ಮೋಟರ್ ಬರೇ ಗಾಳಿ ಎಳ್ಯಾಕತ್ತೈತಿ. ಇನ್ನ ನಮ್ಮ ಪಾಳಿ ನಾಳೆ ಸಂಜೀಕ. ಅಲ್ಲೀತನ ಸಸಿಗೆ ನಿನ್ನ ಭಾಷಣ ಕುಡಿಸ್ಲೇನು?”

ಸೈಕಲ್ ನಿಲ್ಲಿಸಿ ಕೇಳುತ್ತಿದ್ದ ದಾವಲಸಾಬರು, “ಹಾಳಿ ಏಳು ಅದಾವು ಸಾಹೇಬ್ರ, ಬಾವಿ ಒಂದ ಐತ್ರಿ” ಎಂದರು.

ಒಂದೊಂದು ಹಾಳೆಯೂ ತನ್ನೊಳಗೆ ನ್ಯಾಯವಾಗಿಯೇ ಇತ್ತು. ಆದರೆ ಮಂಗಳವಾರವನ್ನು ಬರೆದವನು, ಊರಿನ ಬಾವಿಗಳೆಲ್ಲ ಬೆಳಗಾಗುತ್ತಲೇ ತುಂಬಿರುತ್ತವೆಂದು ನಂಬಿ ಬರೆದಿದ್ದ. ನಮ್ಮ ಕಚೇರಿಗಳು, ಸಮಿತಿಗಳು ಬರೆಯುವುದೂ ಹೀಗೆಯೇ ಅಲ್ಲವೆ?

ಕೆರೆಯ ಕಡೆಯವರನ್ನು ಒಪ್ಪಿಸಿ ಅಂದಿನ ಪಾಳಿಗಳನ್ನು ಅದಲುಬದಲು ಮಾಡಿದೆವು. ಸಂಜೆ ಗಂಗವ್ವನ ಮಡಿಗೆ ನೀರು ಹರಿಯಿತು. ಆದರೆ ಮುಂದಿನ ವಾರ? ಮತ್ತೆ ಊಟದ ಹೊತ್ತಿನವರೆಗೆ ವಾದವೆ?

ದಾರಿ ತೋರಿದವರೂ ಗಂಗವ್ವನೇ. “ಹಳೇ ಬಟ್ಟಿ ಜೋಡಿಸಿ ಕೌದಿ ಹೊಲಿಯೂದು ನೋಡಿಲ್ಲೇನು? ನಾಕು ಮಂದಿ ನಾಕು ಮೂಲಿಗೆ ಕುಂತು ಒಮ್ಮೆಗೇ ಹೊಲಿತೇವಿ. ಅಂಚಿಗೆ ಬಂದಾಗ ಬಾಜೂಕಿನಾಕಿ ಸಾಲು ಎಲ್ಲಿಗೆ ಬಂದೈತಿ ಅಂತ ನೋಡ್ತೇವಿ. ಕೂಡಲಿಲ್ಲಂದ್ರ ನಾಕು ಹೊಲಿಗಿ ಬಿಚ್ತೇವಿ, ಇಡೀ ಕೌದಿ ಬಿಚ್ಚೂದಿಲ್ಲ.”

ಈ ಭಾನುವಾರ ಏಳು ಜನ ದಿನಗಳ ಕ್ರಮದಲ್ಲಿ ದುಂಡಗೆ ಕುಳಿತೆವು. ಬರೆದದ್ದು ಮತ್ತೆ ಏಕಕಾಲಕ್ಕೇ. ಆದರೆ ಬರೆದ ಮೇಲೆ, ತನ್ನ ದಿನದ ಕೊನೆಯ ಪಾಳಿ ಯಾರದು, ಯಾವ ಬಾವಿ ಬರಿದಾಗಿರುತ್ತದೆ ಎಂಬುದನ್ನು ಪ್ರತಿಯೊಬ್ಬನೂ ತನ್ನ ಬಲಗಡೆಯವನಿಗೆ ಹೇಳಬೇಕು. ಕೂಡದಿದ್ದರೆ ಅವನು ತಿದ್ದಿ ಮುಂದಿನವನಿಗೆ ಹೇಳಬೇಕು. ಮೊದಲ ಸುತ್ತಿನಲ್ಲಿ ಗದ್ದಲವೋ ಗದ್ದಲ. ಎರಡನೆಯದರಲ್ಲಿ ಒಂದೇ ಹಾಳೆಗೆ ತಿದ್ದುಪಡಿ. ಒಟ್ಟು ಅರ್ಧ ಗಂಟೆ.

ನನ್ನ ಪಾಲಿಗೆ ಬಂದದ್ದು ಭಾನುವಾರ; ಮೊದಲ ಸುತ್ತಿನ ಕೊನೆಗೆ ಸರದಿ ನನ್ನದು. ವಾರವೇ ಮುಗಿದ ಮೇಲೆ ನಾನು ಯಾರಿಗೆ ಹೇಳಬೇಕು? ಪೆನ್ನಿನ ಕ್ಯಾಪು ಹಾಕಿ, ನಾಲ್ಕು ಮಾತಾಡಲೆಂದು ಎದ್ದು ನಿಂತೆ.

“ಕುಂಡ್ರು ತಮ್ಮಾ,” ಎಂದರು ಹಿಂದೆ ಕುಳಿತು ನೋಡುತ್ತಿದ್ದ ಗಂಗವ್ವ. “ನಿನ್ನ ಬಲಕ್ಕ ಯಾರದಾರ?”

ತಿರುಗಿ ನೋಡಿದೆ. ಅಲ್ಲಿ ಸೋಮವಾರ ಕುಳಿತಿತ್ತು.