ನಮ್ಮ ಭಾವ ತೆಗೆದ ಕೊಕ್ಕರೆ ನಾಣ್ಯದ ಫೋಟೋ

ಓಯ್! ಮಹಡಿ ಮೇಲೆ ಬಟ್ಟೆ ಹಿಂಡುತ್ತಿರುವವರೇ, ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತಿರುವವರೇ, ಕೈಯಲ್ಲಿರುವುದನ್ನು ಕೆಳಗಿಟ್ಟು ಸ್ವಲ್ಪ ಇತ್ತ ಕಿವಿ ಕೊಡಿ! ನಮ್ಮ ಭಾವನ ಕಥೆ ಇದು. ಭಾವ ಎಂದರೆ ನಮ್ಮಕ್ಕನ ಗಂಡ. ಎದುರಿಗೆ ಸಿಕ್ಕರೆ ‘ನೀವು’ ಎಂದೇ ಮಾತಾಡಿಸುತ್ತೇನೆ, ಅಕ್ಕನ ಮುಖ ನೋಡಿ. ಇಲ್ಲಿ ಅಕ್ಕ ಇಲ್ಲ. ಹಾಗಾಗಿ ಅವನಿಗೆ ಏಕವಚನವೇ ಗತಿ.

ಇವನು ನೀರು ಸರಬರಾಜು ಕಚೇರಿಯಲ್ಲಿ, ಮೀಟರ್ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಾನೆ. ಕೂರುವುದೇ ಕೆಲಸ. ಯಾರಾದರೂ ದೂರು ತಂದರೆ ಅವರನ್ನು ಪಕ್ಕದ ಕಿಟಕಿಗೆ ತೋರಿಸುತ್ತಾನೆ. ಪಕ್ಕದ ಕಿಟಕಿಯವನು ಮತ್ತೆ ಇವನನ್ನೇ ತೋರಿಸುತ್ತಾನೆ. ಮನೆಗೆ ಬಂದ ಮೇಲೆ ಮಾತ್ರ ನಮ್ಮ ಭಾವ ಕಲಾವಿದ. ಮದುವೆಯಾದ ಹೊಸದರಲ್ಲಿ ಬಣ್ಣದ ಮೀನು ಸಾಕಿದ, ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಆಮೇಲೆ ಗಿಟಾರ್ ಕೊಂಡ. ಒಂದೇ ಹಾಡಿನ ಅರ್ಧ ಕಲಿತು, ಆ ಅರ್ಧವನ್ನೇ ವರ್ಷಗಟ್ಟಲೆ ಬಾರಿಸಿ ಅಕ್ಕನಿಗೆ ತಲೆನೋವು ಅಂಟಿಸಿದ. ಈಗ ನಾಣ್ಯ.

ನಾಲ್ಕು ಕೈ ಓಡಾಡಿ ಸವೆದ ಹಳೆಯ ನಾಣ್ಯ ಅಂದುಕೊಂಡಿರಾ? ಅದನ್ನು ಇವನು ಮೂಸಿಯೂ ನೋಡುವುದಿಲ್ಲ. ಇವನಿಗೆ ಕನ್ನಡಿಯಂತೆ ಹೊಳೆಯುವಂಥದ್ದೇ ಬೇಕು. ಯಾರೂ ಮುಟ್ಟಿರಬಾರದು, ಅದನ್ನು ಕೊಟ್ಟು ಯಾರೂ ಒಂದು ಬಾಳೆಹಣ್ಣನ್ನೂ ಕೊಂಡಿರಬಾರದು. ಹುಟ್ಟಿದಂದಿನಿಂದ ಗಾಜಿನಂಥ ತಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗಾತ ಮಲಗಿರುವ ಸೋಮಾರಿ ನಾಣ್ಯಗಳು. ಕಚೇರಿಯವರೆಲ್ಲ ಇವನನ್ನು ‘ಫಳಫಳ’ ಎಂದೇ ಕರೆಯುತ್ತಾರೆ. ಅದನ್ನು ಹೊಗಳಿಕೆ ಎಂದುಕೊಂಡಿದ್ದಾನೆ, ಪಾಪ ಅಂತ ಕೂಡ ಅನ್ನಿಸುವುದಿಲ್ಲ ನನಗೆ.

ಇಂಥವರದೇ ಒಂದು ಕೂಟ ಇದೆ. ಅದರ ಕಾರ್ಯದರ್ಶಿ ಕನ್ನಡಕದ ಅಂಗಡಿಯವರು. ಕೂಟ ವರ್ಷಕ್ಕೊಂದು ಪುಸ್ತಕ ಅಚ್ಚು ಹಾಕಿಸುತ್ತದೆ. ಅದರ ಮುಖಪುಟದಲ್ಲಿ ತನ್ನ ಫೋಟೋ ಬರಬೇಕು ಎನ್ನುವುದು ಭಾವನ ಜನ್ಮದ ಆಸೆ. ಆದರೆ ಕನ್ನಡಿಯಂಥ ನಾಣ್ಯದ ಫೋಟೋ ತೆಗೆಯುವುದೆಂದರೆ ಕನ್ನಡಿಯ ಫೋಟೋ ತೆಗೆದ ಹಾಗೆ. ಎದುರಿಗೆ ಏನಿದೆಯೋ ಅದೇ ಒಳಗೆ ಬರುತ್ತದೆ. ಹೋದ ವರ್ಷ ಇವನು ಕಳಿಸಿದ ಫೋಟೋ ನೋಡಿ ಕನ್ನಡಕದವರು ಫೋನ್ ಮಾಡಿ, ‘ನಾಣ್ಯ ಚೆನ್ನಾಗಿದೆ ಸಾರ್, ಒಳಗಿರೋ ಮೀಸೆ ಯಾವ ರಾಜಂದು?’ ಎಂದು ಕೇಳಿದರಂತೆ.

ಈ ವರ್ಷ ಅವನ ಅದೃಷ್ಟಕ್ಕೆ ಕೆಳಗಿನ ಮನೆಯ ನರ್ಸಮ್ಮ ಸಿಕ್ಕರು. ಆಸ್ಪತ್ರೆಯಿಂದ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಅವರಪ್ಪ ನಾಣ್ಯ ಅಚ್ಚು ಹಾಕುವ ಟಂಕಸಾಲೆಯಲ್ಲಿದ್ದರಂತೆ. ಕೆಲಸ ಬಿಟ್ಟ ದಿನ ಅಲ್ಲಿಯವರು ಕೊಟ್ಟ ಬೆಳ್ಳಿ ನಾಣ್ಯವನ್ನು ಅಪ್ಪ ತಮ್ಮ ಕೈಯಾರೆ ಡಬ್ಬಿಯಲ್ಲಿಟ್ಟು ಒತ್ತಿ ಮುಚ್ಚಿದ್ದರು. ಅದರ ಮೇಲೆ ರೆಕ್ಕೆ ಬಿಚ್ಚಿದ ಕೊಕ್ಕರೆ. ಆಮೇಲೆ ಅದನ್ನು ಯಾರೂ ತೆರೆದಿಲ್ಲ. ಅಪ್ಪನ ನಾಣ್ಯ ಪುಸ್ತಕದಲ್ಲಿ ಬರಲಿ ಎಂದು ನರ್ಸಮ್ಮ ಅದನ್ನು ಭಾವನ ಕೈಗೆ ಕೊಟ್ಟರು.

‘ಒಂದೇ ಮಾತು ಕಣಪ್ಪ, ಡಬ್ಬಿ ತೆಗೀಬೇಡ. ಅದರೊಳಗಿನ ಗಾಳಿ ಕೂಡ ನಮ್ಮಪ್ಪ ಇದ್ದಾಗಿನದು’ ಎಂದರು.

‘ಅಯ್ಯೋ ನರ್ಸಮ್ಮ, ನನಗೆ ಹೇಳ್ಬೇಕಾ? ಅದು ನನ್ನ ಕಣ್ಣು ಇದ್ದ ಹಾಗೆ!’ ಎಂದು ಎದೆ ಮುಟ್ಟಿಕೊಂಡ. ಆ ಎದೆಯೊಳಗೆ ಏನಿದೆ ಅಂತ ನನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ.

ಭಾನುವಾರ ಫೋಟೋ ಕಳಿಸಲು ಕೊನೆಯ ದಿನ. ಬೆಳಗ್ಗೆಯೇ ಊಟದ ಮೇಜು ಇವನ ವಶವಾಯಿತು. ಕಿಟಕಿಗೆ ಹೊದಿಕೆ ಕಟ್ಟಿದ, ಫ್ಯಾನ್ ನಿಲ್ಲಿಸಿದ. ಮದುವೆ ಫೋಟೋದ ಚೌಕಟ್ಟಿನಿಂದ ಗಾಜು ಬಿಚ್ಚಿ, ಅದನ್ನು ನಾಣ್ಯಕ್ಕೂ ಮೇಲಿನ ಕ್ಯಾಮೆರಾಕ್ಕೂ ನಡುವೆ ಓರೆಯಾಗಿ ನಿಲ್ಲಿಸಿದ. ಪಕ್ಕದಲ್ಲಿಟ್ಟ ದೀಪದ ಬೆಳಕು ಗಾಜಿಗೆ ತಾಗಿ ನೇರ ನಾಣ್ಯದ ಮೇಲೆ ಬೀಳಬೇಕು. ಆಗ ಮೀಸೆ ಬರುವುದಿಲ್ಲವಂತೆ. ಉಪಾಯ ಒಳ್ಳೆಯದೇ, ಎಲ್ಲಿಂದಲೋ ಕದ್ದು ಕಲಿತದ್ದು. ಅಕ್ಕ ಬಿಳಿ ಥರ್ಮೋಕೋಲ್ ಹಲಗೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಳು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ.

‘ರೀ, ಕೈ ಸೋತು ಹೋಯ್ತು. ಒಲೆ ಮೇಲೆ ಅನ್ನ ಇದೆ.’

‘ಮಾತಾಡ್ಬೇಡ್ವೇ! ಎಂಜಲು ಹಾರುತ್ತೆ!’

‘ಎಂಜಲು ಹಾರೋಕೆ ಬಾಯಲ್ಲಿ ನೀರಾದ್ರೂ ಇರ್ಬೇಕಲ್ಲ, ಬೆಳಗ್ಗೆಯಿಂದ ಕಾಫಿ ಕೂಡ ಕುಡಿದಿಲ್ಲ ನಾನು.’

ಎಷ್ಟು ತೆಗೆದರೂ ಡಬ್ಬಿಯ ಪ್ಲಾಸ್ಟಿಕ್ ಮೇಲೆ ಬೆಳಕಿನದೊಂದು ಬಿಳಿ ಮಚ್ಚೆ. ಕೊಕ್ಕರೆಯ ಕುತ್ತಿಗೆಯೇ ಮಾಯ. ದೀಪ ಎತ್ತಿದ, ಇಳಿಸಿದ, ಬೈದ. ಆಮೇಲೆ ಅಡುಗೆಮನೆಗೆ ಹೋಗಿ ತರಕಾರಿ ಚಾಕು ತಂದ.

‘ಭಾವ, ಡಬ್ಬಿ ತೆಗೀಬೇಡಿ ಅಂದಿದ್ರಲ್ಲ ಅವರು’ ಎಂದೆ.

‘ನೀನು ಸುಮ್ನಿರೇ. ಎರಡು ನಿಮಿಷ. ತೆಗೆದು ಮತ್ತೆ ಮುಚ್ಚಿದ್ರೆ ದೇವರಿಗೂ ಗೊತ್ತಾಗಲ್ಲ.’

ಟಕ್ ಎಂದಿತು ಡಬ್ಬಿ. ನರ್ಸಮ್ಮನ ಅಪ್ಪನ ಗಾಳಿ ನಮ್ಮನೆಯ ಸೀದ ಅನ್ನದ ಹೊಗೆಯಲ್ಲಿ ಸೇರಿಹೋಯಿತು.

ಕೊಕ್ಕರೆಯ ರೆಕ್ಕೆ ಮೇಲೆ ಒಂದು ಧೂಳಿನ ಕಣ ಇತ್ತು. ನಮಗೆಲ್ಲ ಬಾಯಿ ಮುಚ್ಚಿಸಿದ ಮಹಾನುಭಾವ ಅದನ್ನು ‘ಉಫ್’ ಎಂದು ಊದಿದ. ಧೂಳು ಹೋಯಿತು, ಅದರ ಜಾಗದಲ್ಲಿ ಉಗುಳಿನ ಹನಿ ಕೂತಿತು. ಗಾಬರಿಯಲ್ಲಿ ಬನಿಯನ್ ತುದಿ ಎಳೆದು ಒರೆಸಿದ. ಒಮ್ಮೆ ಒರೆಸಿದ್ದರೆ ಸಾಕಿತ್ತೇನೋ. ಕಚೇರಿಯ ಮೇಜು ಒರೆಸುವ ಹಾಗೆ ಗುಂಡಗೆ ತಿರುಗಿಸಿ ತಿರುಗಿಸಿ ಉಜ್ಜಿದ. ಪೊರಕೆ ಎಳೆದ ಅಂಗಳದಂತೆ, ಕನ್ನಡಿಯಂಥ ಬೆಳ್ಳಿಯ ಮೇಲೆಲ್ಲ ಕೂದಲೆಳೆಯ ಗೀರುಗಳು. ಅವು ಇನ್ನು ಯಾವ ಜನ್ಮಕ್ಕೂ ಹೋಗುವುದಿಲ್ಲ. ಇದು ಇವನಿಗೆ ನನಗಿಂತ ಚೆನ್ನಾಗಿ ಗೊತ್ತು. ‘ಹೊಳೆಯೋ ನಾಣ್ಯ ಒರೆಸಿದವನು ಕೊಲೆಗಾರ’ ಎಂದು ಕೂಟದಲ್ಲಿ ಭಾಷಣ ಬಿಗಿಯುವವನೇ ಇವನು.

ಆಮೇಲೆ ಏನು ಮಾಡಿದ ಕೇಳಿ. ಅತ್ತನೇ? ಕೆಳಗೆ ಹೋಗಿ ಕೈ ಮುಗಿದನೇ? ಇಲ್ಲ. ದೀಪ ಸರಿಸಿದ. ಬೆಳಕು ಪಕ್ಕದಿಂದ ಬಿದ್ದರೆ ಗೀರು ಎದ್ದು ಕಾಣುತ್ತವೆ, ಗಾಜಿನಿಂದ ನೇರ ಕೆಳಕ್ಕೆ ಬಿದ್ದರೆ ಅಡಗುತ್ತವೆ. ಹುಡುಕಿ ಹುಡುಕಿ ಆ ಜಾಗ ಹಿಡಿದ. ಕ್ಲಿಕ್ ಎನ್ನಿಸಿದ. ಪರದೆಯಲ್ಲಿ ನೋಡಿದರೆ ಕೊಕ್ಕರೆ ಇನ್ನೇನು ಹಾರಿಬಿಡುತ್ತದೆ ಎನ್ನುವಂತಿತ್ತು. ಸುಳ್ಳು ಹೇಳಬಾರದು, ಫೋಟೋ ಅದ್ಭುತವಾಗಿತ್ತು. ಅದಕ್ಕೇ ನನಗೆ ಇನ್ನೂ ಮೈ ಉರಿಯಿತು.

‘ನೋಡೇ, ನೋಡೇ! ಕಲೆ ಅಂದ್ರೆ ಇದು!’ ಎಂದು ಕುಣಿದ. ಅಕ್ಕ ಸ್ಟೂಲಿನಿಂದ ಇಳಿದು, ಸೀದುಹೋದ ಅನ್ನದ ಪಾತ್ರೆ ಹೊರಗಿಟ್ಟಳು.

ಸಂಜೆ ನರ್ಸಮ್ಮ ಬಂದರು. ಇವನು ಡಬ್ಬಿ ಮುಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಮೊದಲು ಫೋಟೋ ತೋರಿಸಿದ. ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

‘ಇದರಲ್ಲಿ ಹಲ್ಲಿನ ಗುರುತು ಎಲ್ಲಿ?’

‘ಯಾವ ಹಲ್ಲು?’

‘ನನ್ನ ತಮ್ಮನ ಮಗ ಕೂಸಾಗಿದ್ದಾಗ ಡಬ್ಬಿ ಕಚ್ಚಿದ್ದ. ಕೊಕ್ಕರೆ ಕಾಲಿನ ಮೇಲೇ ಬರುತ್ತೆ ಆ ಗುರುತು. ಯಾವಾಗ ನೋಡಿದ್ರೂ ಅದು ಕಾಣುತ್ತೆ.’

‘ಅದಾ? ಕಂಪ್ಯೂಟರಲ್ಲಿ ಅಳಿಸಿದೆ ನರ್ಸಮ್ಮ, ಅಂದ ಕೆಡ್ತಾ ಇತ್ತು.’

ನರ್ಸಮ್ಮ ಕರವಸ್ತ್ರ ಬಿಚ್ಚಿದರು. ಡಬ್ಬಿಯನ್ನು ಕಿಟಕಿಯ ಹತ್ತಿರ ಒಯ್ದು ಮೆಲ್ಲಗೆ ಓರೆ ಮಾಡಿದರು. ಇಳಿಬಿಸಿಲು ಪಕ್ಕದಿಂದ ಬಿತ್ತು. ಗೀರುಗಳೆಲ್ಲ ಒಟ್ಟಿಗೆ ಎದ್ದವು.

‘ಎಷ್ಟೋ ಜನರ ಗಾಯಕ್ಕೆ ಪಟ್ಟಿ ಕಟ್ಟಿದೀನಪ್ಪ’ ಎಂದರು. ‘ಹೇಗಾಯ್ತು ಅಂದ್ರೆ ಬಿದ್ದೆ ಅಂತ ಸುಳ್ಳು ಹೇಳ್ತಾರೆ, ಸುಟ್ಕೊಂಡೆ ಅಂತ ಸುಳ್ಳು ಹೇಳ್ತಾರೆ. ಅಂದ ಕೆಡುತ್ತೆ ಅನ್ನೋ ಸುಳ್ಳು ಮಾತ್ರ ನಿನ್ನ ಬಾಯಲ್ಲೇ ಮೊದಲು ಕೇಳಿದ್ದು.’

‘ಅದು ಮೊದಲೇ ಇತ್ತೇನೋ…’

‘ಬಾಯಿ ಮುಚ್ಚು. ಆ ಫೋಟೋ ಪುಸ್ತಕಕ್ಕೆ ಹೋಗಕೂಡದು. ಅಳಿಸು. ನನ್ನ ಎದುರಿಗೇ ಅಳಿಸು.’

ಅಳಿಸಿದ. ಈಗ ಬಂತು ನೋಡಿ ಅವನಿಗೆ ಕಣ್ಣೀರು! ನಾಣ್ಯ ಹಾಳಾದಾಗ ಬಾರದ ನೀರು ಫೋಟೋ ಹೋದಾಗ ದಳದಳ ಇಳಿಯಿತು. ನರ್ಸಮ್ಮ ಅದನ್ನು ಪಶ್ಚಾತ್ತಾಪ ಎಂದುಕೊಂಡರೋ ಏನೋ, ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಮೆಟ್ಟಿಲಿಳಿದರು. ಅಕ್ಕ ಅವರ ಹಿಂದೆಯೇ ಕೆಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ಇವನು ಒಬ್ಬನೇ ತಟ್ಟೆ ಹಾಕಿಕೊಂಡು ಉಂಡ. ಮೊಸರಿಗೆ ಉಪ್ಪು ಕಮ್ಮಿ ಎಂದು ಗೊಣಗಿದ. ಕೈ ತೊಳೆದು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದಬುಟ್ಟಿಯಿಂದ ಕೊಕ್ಕರೆಯನ್ನು ಎತ್ತಿಕೊಂಡ. ಕೆಳಗೆ ‘ಅಪರೂಪದ ಬೆಳ್ಳಿ ನಾಣ್ಯ, ಡಬ್ಬಿ ಇಂದಿಗೂ ತೆರೆದಿಲ್ಲ’ ಎಂದು ಬರೆದು, ಕನ್ನಡಕದವರಿಗೆ ಕಳಿಸಿದ.